ಹಲ್ಲು ಕೀಳಿಸಲು ಹೆದರಿ ಕೂತವರಿಗೆ

ಎಲ್ಲರಿಗೂ ನಮಸ್ಕಾರ. ಬುದ್ಧಿಹಲ್ಲು ಕೀಳಿಸಲು ಭಯ ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದರಲ್ವಾ, ಅವರಿಗಾಗಿ ಇದು.

ನನ್ನದೂ ಕೆಳಗಿನ ಬುದ್ಧಿಹಲ್ಲೇ. ಅಡ್ಡ ಬೆಳೆದು ಬೇರು ಬಾಗಿತ್ತು, ಸುಲಭಕ್ಕೆ ಬರುವ ಜಾತಿ ಅಲ್ಲ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ಬಾಪೂಜಿಯಂತೂ 1979ರಿಂದ ಇದೆ, ಡಾಕ್ಟರಿಗೇನೂ ಬರವಿಲ್ಲ. ಆದರೆ ನನಗೆ ಸಿಕ್ಕ ಡಾಕ್ಟರಮ್ಮನ ತಾಳ್ಮೆ ಬೇರೆಯೇ. ಮರಗಟ್ಟಿದ ಮೇಲೂ ಒತ್ತಡ ಗೊತ್ತಾಗುತ್ತದೆ, ಚುಚ್ಚಿದಂಥ ನೋವಾದರೆ ಮಾತ್ರ ಎಡಗೈ ಎತ್ತಿ ಅಂತ ಮೊದಲೇ ಹೇಳಿದರು, ನಾನು ಎತ್ತಿದಾಗೆಲ್ಲ ನಿಜವಾಗಿಯೂ ನಿಲ್ಲಿಸಿದರು, ಮತ್ತೆ ಇಂಜೆಕ್ಷನ್ ಕೊಟ್ಟು ಕಾದರು, ಒಮ್ಮೆಯೂ ಗದರಲಿಲ್ಲ. ಹಲ್ಲನ್ನು ತುಂಡು ಮಾಡಿ ತೆಗೆಯುವಾಗ ಆ ಸದ್ದು ಏನು ಅಂತಲೂ ಹೇಳುತ್ತಿದ್ದರು. ಅರ್ಧ ಭಯ ಅಲ್ಲೇ ಹೋಯಿತು.

ಆಮೇಲಿನದು ನಮ್ಮ ಕೈಯಲ್ಲಿದೆ. ಮೊದಲ 24 ಗಂಟೆ ಉಗುಳಬೇಡಿ, ಸ್ಟ್ರಾ ಹಾಕಿ ಕುಡಿಯಬೇಡಿ, ಬೀಡಿ ಸಿಗರೇಟು ಬೇಡವೇ ಬೇಡ. ಗುಂಡಿಯೊಳಗೆ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಎಲುಬು ತೆರೆದುಕೊಂಡು ಆಮೇಲೆ ವಿಪರೀತ ನೋಯುತ್ತದೆ. ಮಾರನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಸಾಕು. ಮಂಡಕ್ಕಿ ಮಿರ್ಚಿಗೆ ಸ್ವಲ್ಪ ದಿನ ರಜೆ. (ಬೆಣ್ಣೆ ದೋಸೆ ತಣ್ಣಗೆ ತಿನ್ನೋದು ಒಂದು ಶಿಕ್ಷೆ, ಗೊತ್ತು.)

ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮೊದಲೇ ಹೇಳಿಬಿಡಿ. ಸುಮ್ನೆ ನೀವೇ ಮಾತ್ರೆ ನಿಲ್ಲಿಸಬೇಡಿ.

ಡಾಕ್ಟರ ನಂಬರ್ ಗುಂಪಿನಲ್ಲಿ ಹಾಕುವುದಿಲ್ಲ, ಬೇಕಾದವರು ನನಗೆ ಬೇರೆ ಮೆಸೇಜ್ ಮಾಡಿ.