ಫಾಗಿಂಗ್ ಕೇಳುವ ಮೊದಲು ಬ್ಯಾರಲ್ ಉಜ್ಜೋಣ

ಮಾನ್ಯರೇ,

ಮಳೆ ಶುರುವಾದರೆ ವಿಜಯಪುರದಲ್ಲಿ ಡೆಂಗಿ ಭಯವೂ ಶುರು, ಜೊತೆಗೆ ‘ಫಾಗಿಂಗ್ ಯಾಕೆ ಮಾಡಿಲ್ಲ’ ಎಂಬ ಕೂಗೂ ಶುರು. ಕೇಳುವುದು ತಪ್ಪಲ್ಲ. ಆದರೆ ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ, ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಗಟಾರದ ಕೊಳಚೆಗಿಂತ ನಾವು ಹಿಡಿದಿಟ್ಟ ತಿಳಿನೀರೇ ಇಷ್ಟ. ನಲ್ಲಿ ನೀರು ಮತ್ತೆ ಯಾವಾಗ ಬರುತ್ತೋ ಎಂದು ಓಣಿ ಓಣಿಯಲ್ಲೂ ಬ್ಯಾರಲ್, ಕೊಡ, ಸಿಮೆಂಟ್ ತೊಟ್ಟಿ ಎಲ್ಲ ತುಂಬಿಡುತ್ತೇವೆ, ಎಷ್ಟೋ ಕಡೆ ಮುಚ್ಚಳವೇ ಇರುವುದಿಲ್ಲ. ಒಮ್ಮೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ತಲೆ ಕೆಳಗೆ ಮಾಡಿ ತೇಲುವ ಹುಳುಗಳು ಬೆಳಕು ಬಿದ್ದೊಡನೆ ಬಳುಕುತ್ತ ತಳಕ್ಕೆ ಇಳಿಯುತ್ತವೆ. ಮೊಟ್ಟೆ ಸೊಳ್ಳೆಯಾಗಲು 8–10 ದಿನ ಸಾಕು. ಸುಮ್ನೆ ನೀರು ಚೆಲ್ಲಿದರೂ ಸಾಲದು, ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಉಜ್ಜಲೇಬೇಕು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿದೆ. ದಂಡದ ಮಾತು ಇರಲಿ, ಲಾರ್ವಾ (ಸೊಳ್ಳೆ ಮರಿ) ನೋಡಲು ಬಂದ ಆಶಾ ಕಾರ್ಯಕರ್ತೆಯನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುವವರು ನಾವೇ ಅಲ್ವಾ?

ಪಾತ್ರೆಗಳು ಹೇಗೂ ಖಾಲಿಯಾಗುವುದು ನೀರು ಬರುವ ಹಿಂದಿನ ದಿನ. ಇಡೀ ಓಣಿಯವರು ಅಂದೇ ಒಟ್ಟಿಗೆ ತೊಳೆಯುವುದನ್ನು ರೂಢಿ ಮಾಡಿಕೊಳ್ಳಲಿ, ಒಂದು ಮನೆ ತೊಳೆದು ಪಕ್ಕದ ಮನೆ ಬಿಟ್ಟರೆ ಉಪಯೋಗವಿಲ್ಲ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗಳಿಗೆ ಆರೋಗ್ಯ ಇಲಾಖೆಯವರನ್ನು ಕೇಳಿ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಿಸಿಕೊಳ್ಳಬಹುದು.

– ಓದುಗ, ವಿಜಯಪುರ