ಅಂಕಾರಾ ಇನ್ನೂ ಮರೆಯದ ಒಂದು ಪತ್ರ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಸಿಟ್ಟಿನಿಂದ ಕೇಳಿದೆಯಲ್ಲ, ಅಮೆರಿಕ ಮುಂದಾಳಾಗಿರುವ ಸೇನಾ ಕೂಟ ನ್ಯಾಟೊದಲ್ಲಿ ಇದ್ದುಕೊಂಡೇ ರಷ್ಯಾದ ಕ್ಷಿಪಣಿ ಕೊಳ್ಳುವ ಟರ್ಕಿ ಯಾರ ಕಡೆ ಅಂತ? ಆಗ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಈ ಕಥೆಯನ್ನು ಟರ್ಕಿಯ ಅಧ್ಯಕ್ಷ ಎರ್ಡೊಗನ್ ಅವರಿಂದ ಶುರು ಮಾಡುತ್ತಾರೆ. ಅದು ಶುರುವಾಗಿದ್ದು 1964ರಲ್ಲಿ ಅಂತ ನನಗನಿಸುತ್ತದೆ. ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ ನಡೆದಿತ್ತು. ಟರ್ಕಿ ಅಲ್ಲಿಗೆ ಸೈನ್ಯ ಕಳಿಸಲು ಹೊರಟಿತ್ತು. ಆಗ ಅಮೆರಿಕದ ಅಧ್ಯಕ್ಷ ಜಾನ್ಸನ್, ಟರ್ಕಿಯ ಪ್ರಧಾನಿ ಇನೋನು ಅವರಿಗೆ ಪತ್ರ ಬರೆದರು. ನಾವು ಕೊಟ್ಟ ಆಯುಧ ಅಲ್ಲಿ ಬಳಸಬೇಡಿ. ಇದರಿಂದಾಗಿ ಸೋವಿಯತ್ ನಿಮ್ಮ ಮೇಲೆ ಬಿದ್ದರೆ, ಕಾಪಾಡುವ ಹೊಣೆ ನ್ಯಾಟೊಗೆ ಇದೆಯೋ ಇಲ್ಲವೋ ಇನ್ನೂ ಯೋಚಿಸಿಲ್ಲ. ಪತ್ರದ ತಿರುಳು ಇಷ್ಟು. ಕೊರಿಯಾ ಯುದ್ಧದಲ್ಲಿ ಅಮೆರಿಕದ ಜೊತೆ ನಿಂತು 700ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡ ದೇಶ ಟರ್ಕಿ. 1952ರಲ್ಲಿ ನ್ಯಾಟೊ ಸೇರಿದ್ದೇ ಸೋವಿಯತ್ ಭಯಕ್ಕೆ. ಆ ಭಯದ ಹೊತ್ತಿಗೇ ಹೀಗೆ ಬರೆದರೆ ಹೊಟ್ಟೆ ಉರಿಯದೆ ಇರುತ್ತದಾ? 1966ರಲ್ಲಿ ಪತ್ರ ಪತ್ರಿಕೆಯಲ್ಲಿ ಬಂದಾಗ ಜನ ಕೆರಳಿದರು.

1974ರಲ್ಲಿ ಟರ್ಕಿ ಸೈಪ್ರಸ್‌ಗೆ ನುಗ್ಗಿಯೇಬಿಟ್ಟಿತು. ಮರುವರ್ಷ ಅಮೆರಿಕ ಅದಕ್ಕೆ ಆಯುಧ ಕೊಡುವುದನ್ನು ನಿಲ್ಲಿಸಿತು. ಅದೇ ವರ್ಷ ಟರ್ಕಿ ಅಸೆಲ್ಸಾನ್ ಎಂಬ ತನ್ನದೇ ರಕ್ಷಣಾ ಕಂಪನಿ ಕಟ್ಟಿತು. ಇನ್ನೊಬ್ಬರ ಮನೆ ಬಾಗಿಲು ಕಾಯಬಾರದು ಅನ್ನುವ ಹಟ ಆಗಲೇ ಗಟ್ಟಿಯಾಯಿತು.

ಆಮೇಲಿನದು ನಿನಗೇ ಗೊತ್ತು. ಸಿರಿಯಾದಲ್ಲಿ ಅಮೆರಿಕ ಕುರ್ದ್ ಪಡೆಗೆ ಆಯುಧ ಕೊಟ್ಟಿತು. ಟರ್ಕಿಯ ಕಣ್ಣಿಗೆ ಅವರು ಉಗ್ರರು. 2016ರಲ್ಲಿ ಟರ್ಕಿ ಸರ್ಕಾರ ಉರುಳಿಸಲು ನಡೆದ ಸೇನಾ ದಂಗೆಯ ಹಿಂದೆ ಅಮೆರಿಕದಲ್ಲಿ ನೆಲೆಸಿದ್ದ ಧರ್ಮಗುರು ಗುಲೆನ್ ಇದ್ದಾರೆ ಅಂತ ಟರ್ಕಿ ಹೇಳಿತು. ಅವರು ಅದನ್ನು ಅಲ್ಲಗಳೆದರು, ಅಮೆರಿಕ ಅವರನ್ನು ಒಪ್ಪಿಸಲಿಲ್ಲ. 2019ರಲ್ಲಿ ನೀನು ಹೇಳಿದ ರಷ್ಯಾದ ಕ್ಷಿಪಣಿ ವ್ಯವಸ್ಥೆ ಎಸ್-400 ಬಂತು, ಅದಕ್ಕೇ ಅಮೆರಿಕದ ಯುದ್ಧವಿಮಾನ ಎಫ್-35 ಯೋಜನೆಯಿಂದ ಟರ್ಕಿಯನ್ನು ಹೊರಹಾಕಿದರು. ಆ ವಿಮಾನದ ಬಿಡಿಭಾಗಗಳನ್ನು ಮಾಡುತ್ತಿದ್ದವರೇ ಅವರು! ಮರುವರ್ಷ ಅಮೆರಿಕದ ನಿರ್ಬಂಧವೂ ಬಿತ್ತು. ಅದೇ ಎಸ್-400 ನಾವೂ ಕೊಂಡೆವು, ನಮಗೆ ಬೀಳಲಿಲ್ಲ.

ಹಾಗಂತ ಎರ್ಡೊಗನ್ ಮಾಡಿದ್ದೆಲ್ಲ ಸರಿ ಅನ್ನುತ್ತಿಲ್ಲ ಮಾರಾಯ. ಪತ್ರಕರ್ತರನ್ನು ಜೈಲಿಗೆ ಹಾಕಿದ್ದನ್ನು ಹೇಗೆ ಒಪ್ಪಲಿ? ಕಾಶ್ಮೀರದ ವಿಷಯದಲ್ಲಿ ಪಾಕಿಸ್ತಾನದ ಪರ ಮಾತಾಡಿದಾಗ ನಿನ್ನಷ್ಟೇ ನನಗೂ ನೋವಾಗಿತ್ತು. ಸ್ವೀಡನ್ ನ್ಯಾಟೊ ಸೇರಲು ಅರ್ಜಿ ಹಾಕಿದ್ದು 2022ರ ಮೇನಲ್ಲಿ. ಟರ್ಕಿ ಸಂಸತ್ತು ಅದಕ್ಕೆ ಒಪ್ಪಿದ್ದು 2024ರ ಜನವರಿಯಲ್ಲಿ. ಅದಾದ ಕೆಲವೇ ದಿನಕ್ಕೆ ಅಮೆರಿಕ ಟರ್ಕಿಗೆ ಎಫ್-16 ಯುದ್ಧವಿಮಾನ ಮಾರಲು ಒಪ್ಪಿತು. 70 ವರ್ಷದ ಗೆಳೆತನ ಹೀಗೆ ಕೊಟ್ಟು ತೆಗೆದುಕೊಳ್ಳುವ ವ್ಯಾಪಾರಕ್ಕೆ ಬಂದು ನಿಂತಿತಲ್ಲ ಅಂತ ಅವತ್ತು ತುಂಬಾ ಬೇಜಾರಾಯಿತು.

ನಿನಗೆ ಬೇರೆ ಅನಿಸಿದರೆ ಬರಿ.

ನಿನ್ನ ಗೆಳೆಯ