ಮಳೆಗಾಲಕ್ಕೆ ಮೊದಲೇ ಕಟ್ಟಿಗೆ ಸೇರಿಸಿಕೊ

ಚಿ. ಕೂಸಿಗೆ ಶಿರಸಿಯಿಂದ ದೊಡ್ಡಮ್ಮನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ರಿಪೋರ್ಟ್ ಓದಿ ಹೇಳಿದೆಯಲ್ಲ, ವಿಟಮಿನ್ ಡಿ ಬರೀ 11 ಇದೆ, ಆಫೀಸಿನಲ್ಲಿ ಎಲ್ಲರಿಗೂ ಹೀಗೇ ಬಂದಿದೆ, ಬಿಡು ದೊಡ್ಡಮ್ಮ ಅಂತ. ಆ ‘ಬಿಡು’ ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. 20ಕ್ಕಿಂತ ಕೆಳಗಿದ್ದರೆ ಅದು ಕೊರತೆಯೇ, ಎಷ್ಟು ಜನಕ್ಕೆ ಇದ್ದರೂ ಕೊರತೆಯೇ. ಡಿ ಕಡಿಮೆಯಾದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತದೆ ಮೂಳೆ ಸೊರಗುತ್ತದೆ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೈ ಮುರಿದದ್ದು ಹೇಗೆ ಅಂತ ನಿನಗೆ ಪೂರ್ತಿ ಗೊತ್ತಿಲ್ಲ. ಮೂರು ವರ್ಷದ ಹಿಂದೆ, ಆಷಾಢದಲ್ಲಿ, ಬೆಳಿಗ್ಗೆ ಹಾಲು ಕರೆದುಕೊಂಡು ಕೊಟ್ಟಿಗೆಯಿಂದ ಬರುತ್ತಿದ್ದೆ. ಅಂಗಳದಲ್ಲಿ ಅಡಿಕೆ ದಬ್ಬೆ ಹಾಸಿದ್ದೆವು, ಅದನ್ನು ಬಿಟ್ಟು ಒಂದೇ ಒಂದು ಹೆಜ್ಜೆ ಆಚೆ ಇಟ್ಟೆ, ಹಾವಸೆ ಮೇಲೆ ಕಾಲು ಜಾರಿತು. ಬಲಗೈ ಊರಿದೆ. ಒಣ ಕಡ್ಡಿ ಮುರಿದ ಹಾಗೆ ಸದ್ದು ಕೇಳಿತು. ಹಾಲು ಮಳೆನೀರಿನಲ್ಲಿ ಬೆಳ್ಳಗೆ ಹರಿದು ತೋಟದ ಕಡೆ ಹೋಗುವುದನ್ನು ನೋಡುತ್ತಾ ಅಲ್ಲೇ ಕೂತಿದ್ದೆ. ಪಟ್ಟಿ ಕಟ್ಟಿದ ಡಾಕ್ಟರು, ನಿಂತಲ್ಲಿಂದ ಬಿದ್ದರೆ ಗಟ್ಟಿ ಮೂಳೆ ಹೀಗೆ ಮುರಿಯಬಾರದು, ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ ಅಂದರು. ಅದರ ಅಂಕೆ, ಟಿ-ಸ್ಕೋರ್ ಅಂತಾರೆ, ಮೈನಸ್ 2.7 ಬಂತು. ಮೈನಸ್ 2.5 ಮುಟ್ಟಿದರೇ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಅಂತೆ. ಅಲ್ಲಿಯವರೆಗೆ ನನಗೆ ಒಂದು ದಿನ ನೋವು ಅಂತ ಇರಲಿಲ್ಲ ಕೂಸೆ. ಮೂಳೆ ಒಳಗಿಂದ ಟೊಳ್ಳಾಗುವಾಗ ನೋಯುವುದಿಲ್ಲ, ನನಗೆ ಅತಿ ಹೆಚ್ಚು ಹೆದರಿಕೆ ಆಗಿದ್ದು ಅದೇ.

ಆಮೇಲೆ ನಿನ್ನ ಅಮ್ಮಮ್ಮ ನೆನಪಾದಳು. ಕೊನೆಯ ವರ್ಷಗಳಲ್ಲಿ ಅವಳ ಸೀರೆ ನೆಲ ಸವರುತ್ತಿತ್ತು. ಸರಿಯಾಗಿ ಉಡು, ತುಳಿದು ಬೀಳುತ್ತೀಯ ಅಂತ ನಾನೂ ನಿನ್ನ ಅಮ್ಮನೂ ಎಷ್ಟು ಸಲ ಗದರಿದ್ದೇವೋ. ಸೀರೆ ಅವಳು ಮೊದಲಿನ ಹಾಗೇ ಉಡುತ್ತಿದ್ದಳು, ಅವಳೇ ಗಿಡ್ಡ ಆಗಿದ್ದಳು. ಬೆನ್ನಿನ ಮೂಳೆಗಳು ಒಂದೊಂದಾಗಿ ಕುಸಿದರೆ ಹಾಗೆ ಎತ್ತರ ಇಳಿಯುತ್ತದೆ, ಬೆನ್ನು ಬಾಗುತ್ತದೆ. ವಯಸ್ಸಾಯಿತು ಅಂತ ನಾವು ಸುಮ್ಮನಿದ್ದೆವು.

ಈಗ ನಿನ್ನ ವಿಷಯ. ನಿನಗೆ 27. ಹೆಚ್ಚುಕಡಿಮೆ 30ರ ತನಕ ಮೈ ಮೂಳೆಯನ್ನು ತುಂಬಿಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ಖರ್ಚು ಶುರು, ಮುಟ್ಟು ನಿಂತ ಮೇಲಿನ ಐದಾರು ವರ್ಷವಂತೂ ಬಹಳ ಬೇಗ ಕರಗುತ್ತದೆ. ನಮ್ಮಲ್ಲಿ ಮೇ ತಿಂಗಳೊಳಗೆ ಕಟ್ಟಿಗೆ ಮನೆ ತುಂಬಿಸಿ ಇಡುತ್ತೇವಲ್ಲ, ಜೂನ್ ಬಂದಮೇಲೆ ಒಣ ಕಟ್ಟಿಗೆ ಹುಡುಕಿದರೆ ಎಲ್ಲಿ ಸಿಗುತ್ತದೆ? ನಿನ್ನದು ಈಗ ಮೇ ತಿಂಗಳು.

ಮೊದಲು ಬಿಸಿಲು. ಗಾಜಿನ ಕಿಟಕಿ ಪಕ್ಕ ಕೂತು ಕೆಲಸ ಮಾಡುತ್ತೇನೆ, ಬಿಸಿಲು ಬೀಳುತ್ತದೆ ಅಂದಿದ್ದೆ. ವಿಟಮಿನ್ ಡಿ ಮಾಡುವ ಕಿರಣವನ್ನು ಗಾಜು ತಡೆದುಬಿಡುತ್ತದೆ. ಬೆಳಗಿನ ಎಳೆ ಬಿಸಿಲೂ ಅಷ್ಟಾಗಿ ಪ್ರಯೋಜನ ಇಲ್ಲ. ನೆರಳು ನಿನಗಿಂತ ಗಿಡ್ಡ ಇರುವ ಹೊತ್ತು ಬೇಕು, ಹನ್ನೊಂದರಿಂದ ಎರಡರ ಒಳಗೆ ಅಂದುಕೊ. ಊಟಕ್ಕೆ ಮೊದಲು ತಾರಸಿಗೆ ಹೋಗಿ ಕೈಕಾಲಿಗೆ ಬಿಸಿಲು ತಾಗುವ ಹಾಗೆ ಇಪ್ಪತ್ತು ನಿಮಿಷ ತಿರುಗಾಡು, ಚರ್ಮ ಉರಿಯುವ ತನಕ ನಿಲ್ಲಬೇಡ. ನಿನ್ನ ರೂಮಿನ ಕಾರವಾರದ ಹುಡುಗಿಗೆ ತಾರ್ಲೆ, ಬಂಗಡೆ ಮೀನಿನಲ್ಲಿ ಸ್ವಲ್ಪ ಡಿ ಸಿಗುತ್ತದೆ, ತಾರ್ಲೆಯ ಮೆತ್ತನೆ ಮುಳ್ಳು ಅಗಿದು ತಿಂದರೆ ಕ್ಯಾಲ್ಸಿಯಂ ಕೂಡ. ನಮಗೆ ಮೀನಿಲ್ಲ, ಮೊಟ್ಟೆ ಇಲ್ಲ, ಹಾಗಾಗಿ ಬಿಸಿಲೇ ಗತಿ.

ಆದರೆ 11 ಅಂದರೆ ಬರೀ ಬಿಸಿಲಿಗೆ ಏರುವುದಿಲ್ಲ. ಡಾಕ್ಟರು ಬರೆದ 60,000 ಯೂನಿಟ್ ಪುಡಿ ತಗೋ. ವಾರಕ್ಕೊಂದು, ಎಂಟು ವಾರ ಅಂದರೆ ಎಂಟೇ ವಾರ. ಚೆನ್ನಾಗಿದೆ ಅಂತ ನೀನಾಗಿಯೇ ಮುಂದುವರಿಸಬೇಡ. ಅದು ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ.

ಊಟದ ಬಗ್ಗೆ ನಿನ್ನ ಮೇಲೆ ನನಗೆ ಸಿಟ್ಟೇ ಇದೆ. ತೆಳ್ಳಗಾಗಬೇಕು ಅಂತ ರಾತ್ರಿ ಊಟ ಬಿಟ್ಟೆ, ಹಾಲು ಮೊಸರು ಬಿಟ್ಟೆ, ಮುಟ್ಟು ಎರಡು ತಿಂಗಳು ತಪ್ಪಿತು ಅಂದೆ. ಹೊಟ್ಟೆ ಕಟ್ಟಿ ಮುಟ್ಟು ನಿಂತರೆ ಮೂಳೆಯೂ ಸವೆಯುತ್ತದೆ, ತಡ ಮಾಡದೆ ಡಾಕ್ಟರ ಹತ್ತಿರ ಇದನ್ನೂ ಹೇಳು. ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಲೋಟ ಹಾಲಿನಲ್ಲಿ ಸುಮಾರು 240, ನೂರು ಗ್ರಾಂ ರಾಗಿಯಲ್ಲಿ 350ರ ಹತ್ತಿರ. ಪಾಲಕ್ ತಿನ್ನುತ್ತೇನೆ ಅಂತೀಯ, ಅದರಲ್ಲಿರುವ ಕ್ಯಾಲ್ಸಿಯಂ ಬಹುಪಾಲು ಮೈಗೆ ಹತ್ತುವುದಿಲ್ಲ. ಅದರ ಬದಲು ನುಗ್ಗೆಸೊಪ್ಪು ತಾ. ಮೂಳೆಗೆ ಪ್ರೊಟೀನೂ ಬೇಕು, ಬೇಳೆ, ಹುರುಳಿ ಬಿಡಬೇಡ.

ಮತ್ತೆ ಎಳ್ಳಿನ ತಂಬುಳಿ. ಮರೆತಿದ್ದರೆ ಕೇಳು: ಎರಡು ಚಮಚ ಎಳ್ಳು, ಚೂರು ಜೀರಿಗೆ, ಒಂದು ಒಣಮೆಣಸು, ಎಳ್ಳು ಚಟಪಟ ಅನ್ನುವ ತನಕ ಸಣ್ಣ ಉರಿಯಲ್ಲಿ ಹುರಿ. ಕಪ್ಪಾದರೆ ಕಹಿ. ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಹಾಕು, ಉಪ್ಪು, ತುಪ್ಪದ ಒಗ್ಗರಣೆ. ಕುದಿಸುವುದು ಬೇಡ. ಎಳ್ಳಿನಲ್ಲೂ ಮಜ್ಜಿಗೆಯಲ್ಲೂ ಕ್ಯಾಲ್ಸಿಯಂ ಇದೆ, ಹತ್ತು ನಿಮಿಷದ ಕೆಲಸ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ದಿನಕ್ಕೊಂದು ಸಾಕು. ಉಪ್ಪು ಜಾಸ್ತಿಯಾದರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ.

ಇಷ್ಟೆಲ್ಲ ತಿಂದು ಕುರ್ಚಿಯಲ್ಲೇ ಕೂತರೂ ಆಗುವುದಿಲ್ಲ. ಮೂಳೆಗೆ ಭಾರ ಬೇಕು. ಭಾರ ಬಿದ್ದ ಕಡೆಯೇ ಅದು ಗಟ್ಟಿಯಾಗುವುದು, ಟೆನಿಸ್ ಆಡುವವರ ಬ್ಯಾಟು ಹಿಡಿಯುವ ಕೈ ಮೂಳೆ ಇನ್ನೊಂದು ಕೈಗಿಂತ ದಪ್ಪ ಇರುತ್ತದೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದು ಪಾಲಿನಷ್ಟು ಸವೆಯುತ್ತದೆ. ನೀನು ಈಜಲು ಹೋಗುವುದು ಒಳ್ಳೆಯದೇ, ಉಸಿರಿಗೆ ಒಳ್ಳೆಯದು, ಆದರೆ ನೀರು ಮೈಯನ್ನು ಎತ್ತಿ ಹಿಡಿಯುತ್ತದಲ್ಲ, ಮೂಳೆಗೆ ಅದು ಸಾಲದು. ನಾಲ್ಕನೇ ಮಹಡಿಗೆ ಲಿಫ್ಟ್ ಬಿಟ್ಟು ಹತ್ತು, ತರಕಾರಿ ಚೀಲ ನೀನೇ ಹೊತ್ತು ತಾ, ದಿನಕ್ಕೆ ನಾಲ್ಕು ಸಲವಾದರೂ ಕೈ ಊರದೆ ನೆಲದಿಂದ ಏಳು. ನಾನೂ ಈಗ ಔಷಧಿ ಜೊತೆ ಸಂಜೆ ತೋಟದ ಏರಿ ಹತ್ತಿ ಇಳಿಯುತ್ತೇನೆ. ಅಂಗಳದ ಹಾವಸೆಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿದ್ದೇನೆ, ಹಿಡಿದು ನಡೆಯಲು ಹಿಡಿಕೆ ಹಾಕಿಸಿದ್ದೇನೆ.

ಶನಿವಾರ ರಾತ್ರಿ ಬಸ್ಸಿಗೆ ನಮ್ಮ ಪಕ್ಕದ ಮನೆಯವರು ಬರುತ್ತಾರೆ. ಎರಡು ಕಿಲೋ ರಾಗಿ ಹಿಟ್ಟು, ಅರ್ಧ ಕಿಲೋ ಎಳ್ಳು, ಒಣಗಿಸಿದ ನುಗ್ಗೆಸೊಪ್ಪಿನ ಪುಡಿ ಕೊಟ್ಟಿರುತ್ತೇನೆ. ಎಳ್ಳನ್ನು ಡಬ್ಬಿಗೆ ಹಾಕಿ ಮುಚ್ಚಿಡು, ಇಲ್ಲಿಯ ಥಂಡಿಗೆ ಸ್ವಲ್ಪ ಮೆತ್ತಗಾಗಿದೆ, ಒಂದು ಸಲ ಬಿಸಿಲಿಗೆ ಹಾಕಬೇಕು. ಹಾಕುವಾಗ ಹೇಗೂ ತಾರಸಿಗೆ ಹೋಗುತ್ತೀಯಲ್ಲ, ನೀನೂ ಅಲ್ಲೇ ಸ್ವಲ್ಪ ಹೊತ್ತು ಇರು.

ನಿನ್ನ ದೊಡ್ಡಮ್ಮ